ಹಾಲು ಉಳಿಸಲು ಕಲಿತ ಮೂರು ತಿಂಗಳು

ಮಗಳಿಗೆ 13 ತಿಂಗಳು ತುಂಬಿದ ವಾರ ಎದೆಹಾಲು ಬಿಡಿಸೋಣ ಎಂದು ತೀರ್ಮಾನಿಸಿದೆ. ಆಗ ನನ್ನ ತಲೆಯಲ್ಲಿದ್ದ ಲೆಕ್ಕವೆಲ್ಲ ಅವಳದೇ. ಅಳುತ್ತಾಳೆ, ಹಟ ಹಿಡಿಯುತ್ತಾಳೆ, ನಡುರಾತ್ರಿ ಎದ್ದು ಕೂರುತ್ತಾಳೆ. ಅದಕ್ಕೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಗು ಬಿಟ್ಟರೂ ಹಾಲು ಬಿಡಬೇಕಲ್ಲ, ಅದರ ಯೋಚನೆಯೇ ಬಂದಿರಲಿಲ್ಲ. ಕೊನೆಗೆ ಮಗಳು ನಾನು ಹೆದರಿದಷ್ಟು ಕಾಡಲಿಲ್ಲ. ಕಾಡಿದ್ದು ಹಾಲು.

ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ 2 ವರ್ಷ ಮತ್ತು ಅದರಾಚೆಗೂ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಗೊತ್ತಿದ್ದೇ ಬಿಡಿಸಿದೆ. ಒಂದು ವರ್ಷದಿಂದ ಒಂದೇ ಸಮನೆ ಮೂರು ಗಂಟೆ ನಿದ್ದೆ ಮಾಡಿರಲಿಲ್ಲ. ಆಫೀಸಿನಲ್ಲಿ ಪಂಪ್ ಹಿಡಿದು ಕೂರುವ ಮಧ್ಯಾಹ್ನಗಳು ಸಾಕಾಗಿದ್ದವು. ಬಿಡಿಸುವ ತಾಯಂದಿರನ್ನು ಯಾಕೆ ಎಂದು ಕೇಳುವವರು ಬಹಳ ಜನ, ಹೇಗೆ ಎಂದು ಹೇಳಿಕೊಡುವವರು ಕಡಿಮೆ. ನನಗೆ ಬೇಕಿದ್ದದ್ದು ಆ ಎರಡನೆಯವರು. ಹಾಗಾಗಿ ನನ್ನಂತೆ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಷ್ಟದ ಬೇರು ಇದ್ದದ್ದು ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ. ಕೆಲಸಕ್ಕೆ ಮರಳುವ ಹೊತ್ತಿಗೆ ಫ್ರೀಜರ್ ತುಂಬಿರಬೇಕು ಎಂಬ ಭಯ. ಮಗು ಕುಡಿದು ಮುಗಿಸಿದ ಮೇಲೂ ಪಂಪ್ ಹಚ್ಚುತ್ತಿದ್ದೆ, ಕೊನೆಯ ಹನಿಯವರೆಗೂ ತೆಗೆಯುತ್ತಿದ್ದೆ. ಎಷ್ಟು ತೆಗೆದರೆ ಅಷ್ಟು ಬರುತ್ತದೆ ಎಂದು ಆಸ್ಪತ್ರೆಯಲ್ಲಿ ನರ್ಸ್ ಹೇಳಿದ್ದರು, ಹಾಗೇ ಆಯಿತು. ವರ್ಷ ಕಳೆದರೂ ಮಧ್ಯಾಹ್ನ ಒಂದು ಸಲಕ್ಕೆ 300 ಮಿಲಿ ಬರುತ್ತಿತ್ತು. ಬಾಟಲಿ ತುಂಬುವುದನ್ನು ನೋಡುವಾಗ ಹೆಮ್ಮೆಯಾಗುತ್ತಿತ್ತು. ಆ ಹಾಲನ್ನು ಇಳಿಸುವ ದಿನವೂ ಬರುತ್ತದೆ ಎಂದು ಆಗ ಯೋಚಿಸಿರಲಿಲ್ಲ.

ಬಿಡಿಸಲು ಶುರು ಮಾಡಿದಾಗ ದಿನಕ್ಕೆ ಐದು ಸರದಿ ಇದ್ದವು: ಬೆಳಿಗ್ಗೆ ಎದ್ದ ಕೂಡಲೇ, ಮಧ್ಯಾಹ್ನ ಪಂಪ್, ಸಂಜೆ ಮನೆಗೆ ಬಂದಾಗ, ಮಲಗಿಸುವಾಗ, ರಾತ್ರಿ ಒಂದು ಸಲ. ಒಂದು ಸೋಮವಾರ ಮಧ್ಯಾಹ್ನದ್ದನ್ನೂ ಸಂಜೆಯದ್ದನ್ನೂ ಒಟ್ಟಿಗೇ ನಿಲ್ಲಿಸಿಬಿಟ್ಟೆ. ಐದರಲ್ಲಿ ಎರಡು ಹೋದರೆ ಬೇಗ ಮುಗಿಯುತ್ತದೆ ಎಂಬ ಆಸೆ. ಸೋಮವಾರ ಭಾರ, ಮಂಗಳವಾರ ಬಿಗಿತ. ಬುಧವಾರ ಸಂಜೆ ಎದೆ ಕಲ್ಲಿನಂತಾಗಿತ್ತು. ಕಂಕುಳವರೆಗೂ ಸೆಳೆತ, ತೋಳು ಮೈಗೆ ತಾಗಿಸಲು ಆಗುತ್ತಿರಲಿಲ್ಲ. ಮಗಳು ಓಡಿ ಬಂದು ತಬ್ಬಿಕೊಂಡಾಗ ಕಣ್ಣಲ್ಲಿ ನೀರು ಬಂತು. ಆ ರಾತ್ರಿ ತಡೆಯಲಾರದೆ ಪಂಪ್ ತೆಗೆದು ಎರಡೂ ಕಡೆ ಪೂರ್ತಿ ಖಾಲಿ ಮಾಡಿದೆ. 340 ಮಿಲಿ. ಮೈ ಹಗುರವಾಗಿ, ಗೆದ್ದೆ ಅನಿಸಿ, ಹಾಲನ್ನು ಪ್ಯಾಕೆಟ್‌ಗಳಿಗೆ ತುಂಬಿ ತಾರೀಖು ಬರೆದು ಫ್ರೀಜರಿನಲ್ಲಿಟ್ಟು ಮಲಗಿದೆ.

ಗುರುವಾರ ಬೆಳಿಗ್ಗೆ ಮತ್ತೆ ಕಲ್ಲು. ಮತ್ತೆ ಖಾಲಿ ಮಾಡಿದೆ. ಶುಕ್ರವಾರ ಎಡಗಡೆ ಹೊರಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ ಕೈಗೆ ಸಿಕ್ಕಿತು. ಹಾಲು ಕಟ್ಟಿದೆ, ಬಿಸಿನೀರು ಹಾಕಿ ಚೆನ್ನಾಗಿ ಉಜ್ಜಿದರೆ ಒಡೆಯುತ್ತದೆ ಎಂದು ಕೇಳಿದ್ದೆ. ಸ್ನಾನದಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಉಜ್ಜಿದೆ, ಕಣ್ಣು ಕತ್ತಲಿಡುವಷ್ಟು ನೋವಾದರೂ ಬಿಡಲಿಲ್ಲ. ಸಂಜೆಗೆ ಆ ಜಾಗ ಕೆಂಪಗೆ ಊದಿತ್ತು. ರಾತ್ರಿ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ. ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿತ್ತು, ಮೈಯ ಮೂಳೆಮೂಳೆಯೂ ನೋಯುತ್ತಿತ್ತು.

ಮರುದಿನ ನೋಡಿದ ಡಾಕ್ಟರಮ್ಮ ಹಿರಿಯರು. ಮ್ಯಾಸ್ಟೈಟಿಸ್, ಅಂದರೆ ಸ್ತನದ ಉರಿಯೂತ, ಎಂದರು. ಐದು ದಿನದಲ್ಲಿ ಏನೇನು ಮಾಡಿದೆ ಎಂದು ಒಂದೊಂದಾಗಿ ಕೇಳಿಕೊಂಡರು. ಖಾಲಿ ಮಾಡಿದ ವಿಷಯ ಬಂದಾಗ ಕೈಯೆತ್ತಿ ತಡೆದರು.

"ಖಾಲಿ ಮಾಡೋಕೆ ಅದೇನು ಬಿಂದಿಗೆಯೇನಮ್ಮ? ಅದು ಒರತೆ. ತೋಡಿದಷ್ಟೂ ಊರುತ್ತೆ. ನಿಲ್ಲಬೇಕು ಅಂದ್ರೆ ಸ್ವಲ್ಪ ತುಂಬಿರೋಕೆ ಬಿಡಬೇಕು."

ನನ್ನ ಮೂರು ತಿಂಗಳ ಪಾಠವೆಲ್ಲ ಆ ಮಾತಿನಲ್ಲೇ ಇತ್ತು. ಆದರೆ ಅದು ಮೈಗೆ ಹತ್ತಲು ಸಮಯ ಹಿಡಿಯಿತು.

ಅವರು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹೆರಿಗೆಯ ಹೊಸತರಲ್ಲಿ ಹಾಲು ಬರುವುದು ಬಹುಪಾಲು ಹಾರ್ಮೋನಿನ ಬಲದಿಂದ. ಕೆಲವು ವಾರಗಳಲ್ಲಿ ಆ ಲೆಕ್ಕ ಎದೆಯ ಕೈಗೇ ಬರುತ್ತದೆ. ಹಾಲು ಹೊರಗೆ ಹೋದಷ್ಟೂ ಮತ್ತೆ ತಯಾರಾಗುತ್ತದೆ. ಹೋಗದೆ ಒಳಗೇ ನಿಂತರೆ, ಹಾಲು ಮಾಡುವ ಜೀವಕೋಶಗಳಿಗೆ ಸಾಕು ಎಂಬ ಸೂಚನೆ ಸಿಕ್ಕಿ ತಯಾರಿಕೆ ನಿಧಾನವಾಗುತ್ತದೆ. ಈ ಸೂಚನೆ ಎರಡೂ ಕಡೆಗೆ ಬೇರೆ ಬೇರೆ. ಒಂದು ಕಡೆ ಬತ್ತುತ್ತಾ ಇನ್ನೊಂದು ಕಡೆ ಹಾಗೇ ಬರುತ್ತಿರಬಹುದು. ಅಂದರೆ ಬುಧವಾರ ರಾತ್ರಿ ನಾನು ಖಾಲಿ ಮಾಡಿದಾಗ ಎದೆಗೆ ಕೇಳಿಸಿದ್ದು "ಇನ್ನೂ ಬೇಕು" ಎಂಬ ಮಾತು. ಅತ್ತ ಸರದಿ ನಿಲ್ಲಿಸಿದ್ದೆ, ಇತ್ತ ಹಾಲನ್ನು ಕರೆಯುತ್ತಿದ್ದೆ.

ಉಜ್ಜಿದ್ದು ಅದಕ್ಕಿಂತ ದೊಡ್ಡ ತಪ್ಪು. ಅಲ್ಲಿ ಕೈಗೆ ಸಿಗುವುದು ಒಳಗೆ ಸಿಕ್ಕಿಕೊಂಡ ಹಾಲಿನ ಉಂಡೆಯಲ್ಲವಂತೆ. ಊದಿಕೊಂಡ ಅಂಗಾಂಶ ಹಾಲಿನ ನಾಳಗಳನ್ನು ಹೊರಗಿನಿಂದ ಒತ್ತಿ ಕಿರಿದಾಗಿಸಿರುತ್ತದೆ. ಅದನ್ನು ತಿಕ್ಕಿದರೆ ಊತ ಹೆಚ್ಚುತ್ತದೆ, ಒಳಗೆ ಪೆಟ್ಟಾಗುತ್ತದೆ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2022ರಲ್ಲಿ ತನ್ನ ಸಲಹೆಗಳನ್ನು ಪರಿಷ್ಕರಿಸಿ ಇದನ್ನೇ ಹೇಳಿದೆ: ಬಲವಾಗಿ ಮಸಾಜ್ ಬೇಡ, ಹಟ ಹಿಡಿದು ಖಾಲಿ ಮಾಡುವುದು ಬೇಡ, ಬದಲಿಗೆ ತಂಪು ಪ್ಯಾಕ್, ಊತ ಇಳಿಸುವ ಮಾತ್ರೆ, ವಿಶ್ರಾಂತಿ. ಅದನ್ನು ಓದಿದ ದಿನ ನನಗೆ ನಿಜವಾಗಿಯೂ ಸಿಟ್ಟು ಬಂತು. ಗಡ್ಡೆ ಒಡೆಯಿರಿ ಎಂಬ ಸಲಹೆ ಇವತ್ತಿಗೂ ಎಲ್ಲ ಕಡೆ ಓಡಾಡುತ್ತಿದೆ. ನೋವಿನಲ್ಲಿರುವ ಹೆಂಗಸಿಗೆ ಇನ್ನಷ್ಟು ನೋವನ್ನೇ ಮದ್ದು ಎಂದು ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ನೀರು ತುಂಬಿದ ಪಾದವನ್ನು ಮೆಲ್ಲಗೆ ಸವರುತ್ತೇವಲ್ಲ, ಅಷ್ಟು ಹಗುರವಾಗಿ, ತೊಟ್ಟಿನಿಂದ ಕಂಕುಳ ಕಡೆಗೆ ಚರ್ಮವನ್ನಷ್ಟೇ ಸವರಿದರೆ ಸಾಕು.

ನೋವು, ಊತ ಇಳಿಸುವ ಐಬುಪ್ರೊಫೆನ್ ಕೊಟ್ಟರು. ಒಂದು ದಿನ ಕಳೆದರೂ ಜ್ವರ ಇಳಿಯದ ಕಾರಣ 10 ದಿನದ ಆ್ಯಂಟಿಬಯಾಟಿಕ್ ಶುರುವಾಯಿತು. ಜೊತೆಗೆ ನಾನು ನಿರೀಕ್ಷಿಸದ ಒಂದು ಮಾತು: ಬಿಡಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಉರಿಯೂತ ಇರುವಾಗ ಏಕಾಏಕಿ ಹಾಲು ಕೊಡುವುದನ್ನು ಬಿಟ್ಟರೆ ಕೀವು ಕಟ್ಟುವ ಸಾಧ್ಯತೆ ಹೆಚ್ಚು. ಮಗುವಿಗೆ ಆ ಹಾಲಿನಿಂದ ತೊಂದರೆಯಿಲ್ಲ, ನನಗೆ ಬರೆದುಕೊಟ್ಟ ಔಷಧಿಗಳಿಂದಲೂ ಇಲ್ಲ. ಸರಿ, ಐದೂ ಸರದಿಗೆ ವಾಪಸ್. ಸೋತು ಹಿಂದೆ ಬಂದಂತೆ ಅನಿಸಿ ಅತ್ತಿದ್ದೆ. ಫೋನಿನಲ್ಲಿ ಅಮ್ಮ, "ಎರಡು ವಾರ ತಡವಾದ್ರೆ ಏನಾಯ್ತೇ, ಮೊದಲು ನೀನು ಹುಷಾರಾಗು" ಎಂದಳು. ಅಷ್ಟು ಹೇಳುವವರು ಒಬ್ಬರು ಇದ್ದದ್ದು ದೊಡ್ಡದು.

ಹಾಲು ನಿಲ್ಲಿಸುವ ಮಾತ್ರೆ ಇದೆಯಂತಲ್ಲ ಎಂದು ಆಗಲೇ ಕೇಳಿದೆ. ಇದೆ, ಕ್ಯಾಬರ್ಗೋಲಿನ್, ಹಾಲು ತಯಾರಾಗುವಂತೆ ಮಾಡುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಮಗುವನ್ನು ಕಳೆದುಕೊಂಡ ತಾಯಂದಿರಿಗೆ, ಕಾಯಿಲೆಯಿಂದಾಗಿ ಹಾಲು ಕೊಡಬಾರದವರಿಗೆ ಅದು ದೊಡ್ಡ ಉಪಕಾರ. ಹಿಂದೆ ಇದಕ್ಕೆ ಬ್ರೋಮೋಕ್ರಿಪ್ಟಿನ್ ಎಂಬ ಬೇರೆ ಮಾತ್ರೆ ಕೊಡುತ್ತಿದ್ದರು. ಪಾರ್ಶ್ವವಾಯು, ಹೃದಯಾಘಾತದಂಥ ಅಪಾಯಗಳು ಕಂಡುಬಂದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1995ರಲ್ಲಿ ಹಾಲು ನಿಲ್ಲಿಸಲು ಅದನ್ನು ಬಳಸುವ ಅನುಮತಿಯನ್ನು ಹಿಂತೆಗೆದುಕೊಂಡಿತು. ನನ್ನ ಹಾಗೆ ನಿಧಾನಕ್ಕೆ ಇಳಿಸಲು ಸಮಯವಿರುವವರಿಗೆ ಮಾತ್ರೆ ಬೇಡ ಎಂದರು, ನಾನೂ ಒಪ್ಪಿದೆ. ಎದೆಯನ್ನು ಬಟ್ಟೆಯಿಂದ ಬಿಗಿಯಾಗಿ ಕಟ್ಟಲೇ ಎಂದೂ ಕೇಳಿದ್ದೆ. ಅದೂ ಬೇಡ, ನಾಳಗಳು ಒತ್ತಿಹೋಗಿ ಮತ್ತೆ ಇದೇ ಪಾಡು. ಹಿಡಿದು ನಿಲ್ಲಿಸುವಂಥ, ಆದರೆ ಎಲ್ಲೂ ಕೊರೆಯದ ಬ್ರಾ ಸಾಕು.

ಪೂರ್ತಿ ಗುಣವಾಗಿ ಒಂದು ವಾರ ಕಳೆದ ಮೇಲೆ ಎರಡನೇ ಸಲ ಶುರು ಮಾಡಿದೆ. ಈ ಸಲ ಒಂದೇ ಸರದಿ, ಮಧ್ಯಾಹ್ನದ ಪಂಪ್. ಅದನ್ನೂ ನಿಲ್ಲಿಸಲಿಲ್ಲ, ಸವೆಸಿದೆ. 20 ನಿಮಿಷ ಹಚ್ಚುತ್ತಿದ್ದವಳು 15ಕ್ಕೆ ಇಳಿಸಿದೆ. ಮೂರು ದಿನ ಅಷ್ಟೇ. ಆಮೇಲೆ 10, ಆಮೇಲೆ 5. ಬರುವ ಹಾಲು 300ರಿಂದ 220, 150, 80 ಎಂದು ಇಳಿಯಿತು. ಪಂಪ್ ಆಫ್ ಮಾಡುವಾಗ ಒಳಗೆ ಇನ್ನೂ ಹಾಲಿದೆ ಎಂಬುದು ಗೊತ್ತಾಗುತ್ತಿತ್ತು. ಒಂದು ವರ್ಷ ಕೊನೆಯ ಹನಿ ಬಿಡದೆ ತೆಗೆದು ರೂಢಿಯಾದ ಕೈಗೆ ಅದನ್ನು ಅಲ್ಲೇ ಬಿಟ್ಟು ಏಳುವುದು ನಿಜಕ್ಕೂ ಕಷ್ಟ. ಮೊದಲ ದಿನಗಳಲ್ಲಿ ಗಡಿಯಾರ ನೋಡಿ ಎದ್ದು, ಪಂಪನ್ನು ಚೀಲದೊಳಗೆ ಹಾಕಿ ಜಿಪ್ ಎಳೆದುಬಿಡುತ್ತಿದ್ದೆ.

ನಡುವೆ ಎದೆ ಬಿಗಿದರೆ ಕೈಯಿಂದ ಸ್ವಲ್ಪವೇ ಹಿಂಡುವುದು. ಎಷ್ಟು ಸ್ವಲ್ಪ ಎನ್ನುವುದೇ ಇಲ್ಲಿ ಮುಖ್ಯ. ನನಗೆ ಒಂದೊಂದು ಕಡೆ 20, 30 ಮಿಲಿ ಸಾಕಾಗುತ್ತಿತ್ತು. ನೋವು ಹೋಗಿ ಭಾರ ಮಾತ್ರ ಉಳಿದ ಕ್ಷಣ ಕೈ ತೆಗೆಯಬೇಕು; ಭಾರವೂ ಹೋಗಲಿ ಎಂದು ಮುಂದುವರಿಸಿದರೆ ನಾಳೆ ಅಷ್ಟೇ ಮತ್ತೆ ಬರುತ್ತದೆ. ಪಂಪ್‌ಗಿಂತ ಕೈ ಒಳ್ಳೆಯದು, ಎಲ್ಲಿ ನಿಲ್ಲಿಸಬೇಕೆಂದು ಬೆರಳಿಗೆ ತಿಳಿಯುತ್ತದೆ. ಆಮೇಲೆ ತೆಳು ಬಟ್ಟೆಯಲ್ಲಿ ಸುತ್ತಿದ ತಂಪು ಪ್ಯಾಕ್ 10, 15 ನಿಮಿಷ. ಬಿಸಿನೀರ ಸ್ನಾನದಲ್ಲಿ ಹಾಲು ತಾನಾಗಿ ಇಳಿಯುತ್ತದೆ, ಅದಕ್ಕೆ ಆ ದಿನಗಳಲ್ಲಿ ನೀರನ್ನು ಬೆನ್ನಿಗೆ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ನೀರು ಕುಡಿಯುವುದನ್ನು ಕಡಿಮೆ ಮಾಡು ಎಂದವರೂ ಇದ್ದರು. ಅದರಿಂದ ಹಾಲು ನಿಲ್ಲುವುದಿಲ್ಲ, ತಲೆನೋವು ಬರುತ್ತದೆ ಅಷ್ಟೇ.

ಒಂದು ಸರದಿ ನಿಂತ ಮೇಲೆ ಎದೆ ಮೆತ್ತಗಾಗಿ, ಒಂದಿಡೀ ದಿನ ಹಿಂಡುವ ಅಗತ್ಯ ಬೀಳದಿದ್ದರೆ ಮಾತ್ರ ಮುಂದಿನದಕ್ಕೆ ಕೈ ಹಾಕುವುದು. ಇದನ್ನು ನಿಯಮ ಮಾಡಿಕೊಂಡೆ. ಕ್ಯಾಲೆಂಡರ್ ನೋಡಿ ಮುಂದೆ ಹೋಗುವುದನ್ನು ಬಿಟ್ಟು ಮೈಯನ್ನು ಕೇಳಿ ಹೋದದ್ದೇ ಮತ್ತೆ ಜ್ವರ ಬಾರದಂತೆ ಕಾಪಾಡಿತು ಎಂದು ನಂಬಿದ್ದೇನೆ. ಕೆಲವಕ್ಕೆ ನಾಲ್ಕು ದಿನ ಸಾಕಾಯಿತು, ಸಂಜೆಯದ್ದಕ್ಕೆ ಹನ್ನೊಂದು ದಿನ ಹಿಡಿಯಿತು.

ಸಂಜೆಯದು ಮಗಳಿಗೂ ಗಟ್ಟಿ. ನಾನು ಬಾಗಿಲು ತೆರೆದ ಕೂಡಲೇ ಎದೆಗೇ ಕೈ. ನನ್ನ ಗಂಡ ಅವಳನ್ನು ಎತ್ತಿಕೊಂಡು ಹೊರಗೆ ಹೋಗತೊಡಗಿದರು. ನಾನು ಬಂದ ಮೇಲೆ ಮೂವರೂ ಸೇರಿ ನಡೆದಾಡುವುದು, ಒಳಗೆ ಬರುವ ಹೊತ್ತಿಗೆ ಊಟ. ಕೇಳಿದರೆ ಕೊಡುತ್ತಿದ್ದೆ, ನಾನಾಗಿ ಕರೆಯುತ್ತಿರಲಿಲ್ಲ. ರಾತ್ರಿಯ ಸರದಿಗೂ ಇವರೇ ಎದ್ದರು. ಮೂರು ರಾತ್ರಿ ಅತ್ತಳು, ನಾಲ್ಕನೆಯ ರಾತ್ರಿ ಅಪ್ಪನ ಹೆಗಲ ಮೇಲೆ ಹಾಗೇ ನಿದ್ದೆಹೋದಳು. ಪಕ್ಕದ ಕೋಣೆಯಲ್ಲಿ ಅವಳ ಅಳು ಕೇಳುತ್ತಾ ಮಲಗಿದ್ದಾಗ ಎದೆ ಜುಮ್ಮೆಂದು ಹಾಲು ತಾನಾಗಿ ಇಳಿದು ಪ್ಯಾಡ್ ತೊಯ್ದುಹೋಗುತ್ತಿತ್ತು. ಅಳು ಕಿವಿಗೆ ಬಿದ್ದರೆ ಸಾಕು, ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲನ್ನು ದೂಡುತ್ತದೆ. ಅಂಗೈಯನ್ನು ಎದೆಗೆ ನೇರವಾಗಿ ಒಂದು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತಿತ್ತು. ಆ ಮೂರು ರಾತ್ರಿಗಳನ್ನು ಮರೆಯುವುದು ಸಾಧ್ಯವಿಲ್ಲ.

ಏಳನೆಯ ವಾರದ ಹೊತ್ತಿಗೆ ಬೆಳಿಗ್ಗೆ ಕುಡಿಯುತ್ತಿದ್ದವಳು ನಡುವೆ ಬಾಯಿ ತೆಗೆದು ಮುಖ ಕಿವುಚಿ ನನ್ನನ್ನೇ ನೋಡಿದಳು. ನಾನೂ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪುಪ್ಪು. ಹಾಲು ಕಡಿಮೆಯಾದಂತೆ ಅದರಲ್ಲಿ ಸಿಹಿಯ ಅಂಶ ಲ್ಯಾಕ್ಟೋಸ್ ಇಳಿದು ಸೋಡಿಯಂ ಏರುತ್ತದೆ. ಕೆಟ್ಟದ್ದೇನಲ್ಲ, ಸೋಂಕಿನಿಂದ ಕಾಪಾಡುವ ಪ್ರತಿಕಾಯಗಳು ಅದರಲ್ಲಿ ಸಾಂದ್ರವಾಗಿಯೇ ಇರುತ್ತವೆ. ಬೆಳಗಿನ ಸರದಿಯನ್ನು ಬಿಟ್ಟದ್ದು ಅವಳೇ. ಜ್ವರ ಕಂಡಿದ್ದ ಎಡಗಡೆ ಬಲಗಡೆಗಿಂತ ಎರಡು ವಾರ ಮೊದಲೇ ಬತ್ತಿತು. ಕೆಲವು ದಿನ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು. ಆಮೇಲೆ ಸರಿಹೋಯಿತು.

ಯಾರೂ ನನಗೆ ಹೇಳದಿದ್ದ ಇನ್ನೊಂದು ವಿಷಯವಿದೆ. ಮಲಗಿಸುವಾಗಿನ ಸರದಿಯೂ ಅಪರೂಪವಾದ ವಾರ ಕಾರಣವಿಲ್ಲದೆ ದುಃಖ ಉಕ್ಕತೊಡಗಿತು. ಮೀಟಿಂಗ್ ನಡುವೆ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ. ಬಿಡಿಸಬೇಕೆಂದು ಬಯಸಿದವಳು ನಾನೇ, ನಿದ್ದೆಯೂ ಬರುತ್ತಿತ್ತು, ಆದರೂ ಎದೆಯೊಳಗೆ ಏನೋ ಕಳೆದುಹೋದಂತೆ. ಪ್ರೊಲ್ಯಾಕ್ಟಿನ್, ಆಕ್ಸಿಟೋಸಿನ್ ಇಳಿಯುವ ಈ ಕಾಲದಲ್ಲಿ ಕೆಲವರಿಗೆ ಹೀಗಾಗುತ್ತದೆ, ಎರಡು ವಾರ ದಾಟಿದರೆ ಅಥವಾ ಬದುಕು ಬೇಡ ಎನಿಸಿದರೆ ಕೂಡಲೇ ಬಾ ಎಂದು ಡಾಕ್ಟರಮ್ಮ ಹೇಳಿದರು. ನನಗೆ ಒಂಬತ್ತು ದಿನಕ್ಕೆ ತಿಳಿಯಾಯಿತು. ಇದು ಹಾಲಿಗೆ ಸಂಬಂಧಿಸಿದ್ದು ಎಂದು ಗೊತ್ತಿದ್ದದ್ದರಿಂದ ಮನೆಯಲ್ಲಿ ಬಾಯಿಬಿಟ್ಟು ಹೇಳಲು ಸಾಧ್ಯವಾಯಿತು. ಬಿಡಿಸುತ್ತಿರುವ ನಿಮ್ಮ ಅಕ್ಕನನ್ನೋ ಗೆಳತಿಯನ್ನೋ ಮಗು ಹೇಗಿದೆ ಎಂದು ಕೇಳಿದ ಮೇಲೆ, ನೀನು ಹೇಗಿದ್ದೀಯ ಎಂದೂ ಕೇಳಿ.

ಕೊನೆಯ ಸಲ ಕುಡಿಸಿದ್ದು ಯಾವ ರಾತ್ರಿ ಎಂದು ನನಗೆ ನೆನಪಿಲ್ಲ. ಎರಡು ರಾತ್ರಿ ಕೇಳಲಿಲ್ಲ, ಮೂರನೆಯ ರಾತ್ರಿ ಕೇಳಿದಳು, ಆಮೇಲೆ ಕೇಳಲೇ ಇಲ್ಲ. ಆಮೇಲೂ ಹಿಂಡಿದರೆ ಹನಿ ಕಾಣುತ್ತಿತ್ತು. ಇದೆಯೇ ಎಂದು ದಿನಾ ಹಿಂಡಿ ನೋಡುವುದೂ ಒಂದು ಕರೆಯೇ, ಅದಕ್ಕೆ ನೋಡುವುದನ್ನು ಬಿಟ್ಟೆ. ಹನಿ ಕೆಲವು ತಿಂಗಳು ಇರಬಹುದು. ಪೂರ್ತಿ ನಿಲ್ಲಿಸಿ ಆರು ತಿಂಗಳಾದ ಮೇಲೂ ತಾನಾಗಿ ಸೋರುತ್ತಿದ್ದರೆ, ರಕ್ತದ ಬಣ್ಣವಿದ್ದರೆ, ಹೋಗದ ಗಡ್ಡೆ ಇದ್ದರೆ ತೋರಿಸಬೇಕು.

ಇನ್ನು ಫ್ರೀಜರ್. ಎಣಿಸಿದರೆ 58 ಪ್ಯಾಕೆಟ್, ಒಂದೊಂದರಲ್ಲೂ ಹೆಚ್ಚುಕಡಿಮೆ 100 ಮಿಲಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ ಹಿಂಡಿದ ಹಾಲು ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳವರೆಗೆ ಚೆನ್ನಾಗಿರುತ್ತದೆ, 12 ತಿಂಗಳವರೆಗೆ ನಡೆಯುತ್ತದೆ. ಹೆಪ್ಪು ಕರಗಿಸಿ ಫ್ರಿಜ್‌ನಲ್ಲಿಟ್ಟರೆ 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಮೊದಲ ಪ್ಯಾಕೆಟ್ ಕರಗಿಸಿದಾಗ ಸೋಪಿನ ವಾಸನೆ ಬಂದು ಎದೆ ಧಸಕ್ಕೆಂದಿತು. ಕೆಟ್ಟಿರಲಿಲ್ಲ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಕೆಲವರ ಹಾಲಿಗೆ ಆ ವಾಸನೆ ಬರುತ್ತದೆ. ಹೆಪ್ಪುಗಟ್ಟಿಸುವ ಮೊದಲೇ ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಕಾಯಿಸಿ ತಕ್ಷಣ ತಣಿಸಿದ್ದರೆ ಬರುತ್ತಿರಲಿಲ್ಲ. ಬಂದ ಮೇಲೆ ತೆಗೆಯಲಾಗದು. ಪ್ಯಾಕೆಟ್ ಕೂಡಿಡುತ್ತಿರುವವರು ದಯವಿಟ್ಟು ಮೊದಲ ತಿಂಗಳಲ್ಲೇ ಒಂದನ್ನು ಕರಗಿಸಿ ಮೂಸಿ ನೋಡಿ.

ಒಂದಷ್ಟನ್ನು ಹಾಲಿನ ಬ್ಯಾಂಕಿಗೆ ಕೊಟ್ಟೆ. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್‌ಗೆ ನನ್ನ ರಕ್ತ ಪರೀಕ್ಷೆ ಮಾಡಿದರು, ಔಷಧಿಗಳ ಬಗ್ಗೆ ಕೇಳಿದರು, ಒಂದೊಂದು ಪ್ಯಾಕೆಟ್‌ನ ತಾರೀಖನ್ನೂ ನೋಡಿದರು. ಆ್ಯಂಟಿಬಯಾಟಿಕ್ ತೆಗೆದುಕೊಂಡ ದಿನಗಳ ಆರು, ಅವರು ಸ್ವೀಕರಿಸುವ ಅವಧಿ ಮೀರಿದ 29 ವಾಪಸ್ ಬಂದವು. 23 ಅಲ್ಲಿ ಉಳಿದವು. 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಪಾಶ್ಚರೀಕರಿಸಿ, ದಿನ ತುಂಬದೆ ಹುಟ್ಟಿದ, ತಾಯಿಗೆ ಇನ್ನೂ ಹಾಲು ಬಾರದ ಕೂಸುಗಳಿಗೆ ಕೊಡುತ್ತಾರೆ. ಅಂಥ ಕೂಸುಗಳ ಕರುಳು ಕೊಳೆಯುವ ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್ ಎಂಬ ಕಾಯಿಲೆಯ ಅಪಾಯ ಡಬ್ಬಿ ಹಾಲಿಗಿಂತ ಈ ಹಾಲಿನಲ್ಲಿ ಕಡಿಮೆ. ಅಲ್ಲಿನ ನರ್ಸ್ ಒಂದು ಪ್ಯಾಕೆಟ್ ಎತ್ತಿ, "ಇದು ನಮ್ಮಲ್ಲಿ ಕೆಲವು ಮಕ್ಕಳಿಗೆ ಒಂದಿಡೀ ದಿನಕ್ಕಾಗುತ್ತೆ ಮೇಡಂ" ಎಂದರು. ನನ್ನ ಮಗಳು ಅದನ್ನು ಒಂದೇ ಗುಟುಕಿಗೆ ಮುಗಿಸುತ್ತಿದ್ದಳು. ಅಲ್ಲೇ ಗೋಡೆಗೆ ಒರಗಿ ನಿಂತೆ.

ವಾಪಸ್ ಬಂದ 35 ಮಗಳಿಗೇ ಹೋದವು, ದಿನಕ್ಕೆ ಒಂದು, ಹಳೆಯದು ಮೊದಲು. ವಾಸನೆಯಿದ್ದವನ್ನು ಅವಳ ಊಟಕ್ಕೆ ಕಲಸಿದೆ. ಎಲ್ಲ ಮುಗಿಯಿತು ಎಂದು ಫ್ರೀಜರ್ ಒರೆಸುವಾಗ ಐಸ್ ಟ್ರೇ ಹಿಂದೆ ಇನ್ನೊಂದು ಅಂಟಿಕೊಂಡಿತ್ತು. ತಾರೀಖು ನೋಡಿದೆ. ಎರಡೂ ಕಡೆ ಖಾಲಿ ಮಾಡಿದ ಆ ಬುಧವಾರದ್ದು.

ರಾತ್ರಿ ಫ್ರಿಜ್‌ನಲ್ಲಿ ಕರಗಲು ಬಿಟ್ಟು ಬೆಳಿಗ್ಗೆ ಲೋಟಕ್ಕೆ ಹಾಕಿಕೊಟ್ಟೆ. ಅರ್ಧ ಕುಡಿದು, ಲೋಟ ನನ್ನ ಕಡೆ ತಳ್ಳಿ, ಆಟಕ್ಕೆ ಓಡಿದಳು. ಬಾಯಿ ಹಚ್ಚಿದ ಹಾಲನ್ನು ಎರಡು ಗಂಟೆಯೊಳಗೆ ಬಳಸಬೇಕು. ಮೇಜಿನ ಮೇಲಿಟ್ಟು ಕಾದೆ, ಎರಡು ಸಲ ಕರೆದೆ, ಬರಲಿಲ್ಲ. ಹತ್ತೂಕಾಲಿಗೆ ಲೋಟ ತೊಳೆದಿಟ್ಟೆ.